ಆಕಳ ಡಿಎನ್‌ಎ ಪರೀಕ್ಷೆಗೆ ಏನು ಕಳಿಸಬೇಕು: ಬಾಲದ ಕೂದಲಾ, ರಕ್ತಾನಾ, ಕಿವಿಯ ಚೂರಾ?

ಈಚೆಗೆ ನಮ್ಮ ಕಡೆ ದನ ಸಾಕುವವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದಾರೆ. ಭಾಲ್ಕಿ ಕಡೆಯ ಒಬ್ಬರಿಗೆ ದೇವಣಿ ಅನ್ನುವ ಜವಾರಿ ತಳಿಯ ಹೋರಿಗೆ ತಳಿ ಪರೀಕ್ಷೆ ಮಾಡಿಸಬೇಕಿದೆ. ಲ್ಯಾಬಿನವರು ರಕ್ತ ಕೇಳಿದ್ದಾರೆ, ಹೋರಿ ಹತ್ತಿರ ಹೋದರೆ ಹಾಯಲು ಬರುತ್ತದೆ. ಕಲಬುರಗಿ ಹೊರವಲಯದಲ್ಲಿ ಡೇರಿ ನಡೆಸುವ ಇನ್ನೊಬ್ಬರಿಗೆ ಎ2 ಹಾಲು (ಹಾಲಿನ ಬೀಟಾ ಕೇಸಿನ್ ಪ್ರೊಟೀನಿನ ಎ1, ಎ2 ಅನ್ನುವ ಎರಡು ಬಗೆಯಲ್ಲಿ ಎ2 ಮಾತ್ರ ಇರುವ ಹಾಲು) ಅಂತ ಮಾರಬೇಕಿದೆ. ಇಪ್ಪತ್ತು ಆಕಳಿಗೂ ಡಾಕ್ಟರನ್ನು ಕರೆಸಬೇಕಾ, ಕೂದಲು ಕಿತ್ತು ಕಳಿಸಿದರೆ ನಡೆಯುತ್ತಾ ಅಂತ ಕೇಳುತ್ತಾರೆ. ಸುರಪುರದ ಕಡೆ ಒಬ್ಬರಿಗೆ ಮನೆಯಲ್ಲಿ ಹುಟ್ಟಿದ ಕರು ತಾವು ದುಡ್ಡು ಕೊಟ್ಟು ಹಾಕಿಸಿದ ಸೆಮೆನ್, ಅಂದರೆ ಹೋರಿಯ ವೀರ್ಯದ್ದೇ ಹೌದಾ, ಇಲ್ಲಾ ಊರ ಹೋರಿಯದಾ ಅಂತ ಅನುಮಾನ. ಈ ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಹಾಗಾಗಿ ಒಂದೊಂದೇ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಕ್ತದ ರಿಪೋರ್ಟ್ ಗಟ್ಟಿ, ಕೂದಲಿನ ರಿಪೋರ್ಟ್ ಕಚ್ಚಾ ಅನ್ನುವುದು ಸುಮ್ನೆ ಹುಟ್ಟಿಕೊಂಡ ಮಾತು. ಒಂದು ಆಕಳ ಮೈಯಲ್ಲಿ ಎಲ್ಲಿಂದ ತೆಗೆದರೂ ಡಿಎನ್‌ಎ ಅದೇ. ಅವಳಿ ಕರುಗಳದ್ದು ಮಾತ್ರ ಬೇರೆ ಲೆಕ್ಕ, ಅದಕ್ಕೆ ಆಮೇಲೆ ಬರೋಣ. ವ್ಯತ್ಯಾಸ ಇರುವುದು ಬೇರೆ ಕಡೆ: ಎಷ್ಟು ಡಿಎನ್‌ಎ ಸಿಗುತ್ತದೆ, ಲ್ಯಾಬ್ ಮುಟ್ಟುವಷ್ಟರಲ್ಲಿ ಕೆಡುತ್ತದಾ, ಬೇರೆ ದನದ್ದು ಅದರಲ್ಲಿ ಬೆರೆಯುತ್ತದಾ.

ಏನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೊದಲು ನಿಮಗೆ ಬೇಕಿರುವ ಉತ್ತರ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಎ1-ಎ2 ನೋಡುವುದಕ್ಕೆ ಒಂದೇ ಜೀನಿನ ಒಂದು ಜಾಗ ಓದಿದರೆ ಸಾಕು, ಸ್ವಲ್ಪ ಡಿಎನ್‌ಎ ಇದ್ದರೂ ಆಗುತ್ತದೆ. ತಂದೆ-ತಾಯಿ ಪತ್ತೆಗೆ ಹತ್ತಾರು ಜಾಗ ಓದಬೇಕು. ಡಿಎನ್‌ಎ ಚಿಪ್ ಅನ್ನುವ ಪುಟ್ಟ ಪಟ್ಟಿಯ ಮೇಲೆ ಹಾಕಿ ತಳಿ ಶುದ್ಧತೆಯನ್ನೋ ಹಾಲಿನ ಆನುವಂಶಿಕ ಗುಣವನ್ನೋ ನೋಡುವುದಾದರೆ ಸಾವಿರಾರು ಜಾಗ ಒಟ್ಟಿಗೆ ಓದುತ್ತಾರೆ, ಅದಕ್ಕೆ ಒಳ್ಳೆ ಗುಣಮಟ್ಟದ ಡಿಎನ್‌ಎ ಜಾಸ್ತಿ ಬೇಕು. ಇನ್ನು ವರ್ಣತಂತುಗಳನ್ನು ಎಣಿಸುವ ಪರೀಕ್ಷೆಗೆ ಬರೀ ಡಿಎನ್‌ಎ ಸಾಲದು, ಜೀವಂತ ಜೀವಕೋಶವೇ ಬೇಕು.

ಆಮೇಲೆ ಬಿಸಿಲು ಮತ್ತು ದಾರಿ. ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗೆ ಇದು ದೊಡ್ಡ ವಿಷಯ. ಏಪ್ರಿಲ್-ಮೇನಲ್ಲಿ ಕಲಬುರಗಿ, ಯಾದಗಿರಿ ಕಡೆ 40 ಡಿಗ್ರಿ ದಾಟುವುದು ಮಾಮೂಲು. ಮುಚ್ಚಿದ ಗಾಡಿಯ ಒಳಗೆ ಇನ್ನೂ ಜಾಸ್ತಿ. ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇರುವುದು ಹರಿಯಾಣದ ಕರ್ನಾಲ್‌ನಲ್ಲಿ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಇರುವುದು ಗುಜರಾತಿನ ಆಣಂದ್‌ನಲ್ಲಿ. ಇಂಥ ದೂರದ ಕಡೆಗೆ ಸ್ಪೀಡ್ ಪೋಸ್ಟ್ ಮಾಡಿದರೂ ಕೆಲವು ದಿನ ಹಿಡಿಯುತ್ತದೆ. ಬೀದರ್‌ನವರಿಗೆ ಒಂದು ಅನುಕೂಲ ಇದೆ. ಪಶು ವೈದ್ಯಕೀಯ ವಿಶ್ವವಿದ್ಯಾಲಯವೇ ನಂದಿನಗರದಲ್ಲಿದೆ, ಸ್ಯಾಂಪಲ್ ತೆಗೆಯುವ ಬಗ್ಗೆ, ಎಲ್ಲಿಗೆ ಕಳಿಸಬೇಕು ಅನ್ನುವ ಬಗ್ಗೆ ಅಲ್ಲೇ ಹೋಗಿ ವಿಚಾರಿಸಬಹುದು. ಹೈದರಾಬಾದ್ ಕೂಡ ಹತ್ತಿರ, ಬೆಳಿಗ್ಗೆ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಅಲ್ಲಿರಬಹುದು. ಶಹಾಪುರ, ಸುರಪುರದ ಒಳಗಿನ ಹಳ್ಳಿಯವರಿಗೆ ಈ ಅನುಕೂಲ ಇಲ್ಲ.

ಮೂರನೆಯದು, ಯಾರು ತೆಗೆಯುತ್ತಾರೆ, ದನ ಎಷ್ಟು ಸಾಧು. ನಾಲ್ಕನೆಯದು, ಒಂದರದ್ದು ಇನ್ನೊಂದಕ್ಕೆ ಬೆರೆಯುವ ಭಯ. ಐದನೆಯದು ದುಡ್ಡು. ಇಲ್ಲಿ ಬಹಳ ಜನ ಲೆಕ್ಕ ತಪ್ಪುತ್ತಾರೆ. ಸ್ಯಾಂಪಲ್ ತೆಗೆಯಲು ಆಗುವ ಖರ್ಚನ್ನೇ ನೋಡುತ್ತಾರೆ, ಸ್ಯಾಂಪಲ್ ಕೆಟ್ಟರೆ ಮತ್ತೆ ತೆಗೆದು, ಮತ್ತೆ ಕಳಿಸಿ, ಕೆಲವು ಕಡೆ ಮತ್ತೆ ಫೀಸೂ ಕಟ್ಟಿ ಕಾಯುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಪ್ರಕಾರ ಮೊದಲ ಸಲವೇ ಪಾಸಾಗುವ ಸ್ಯಾಂಪಲ್ಲೇ ಅಗ್ಗದ ಸ್ಯಾಂಪಲ್.

ಇದೆಲ್ಲಕ್ಕೂ ಮುಂಚೆ ಲ್ಯಾಬಿಗೆ ಒಂದು ಫೋನ್ ಮಾಡಿ. ಯಾವ ಸ್ಯಾಂಪಲ್ ತಗೋತೀರಿ, ಎಷ್ಟು ಬೇಕು, ನಿಮ್ಮದೇ ಲಕೋಟೆ ಅಥವಾ ಫಾರಂ ಇದೆಯಾ ಅಂತ ಕೇಳಿ. ಕೆಲವರು ಕೂದಲು ಮುಟ್ಟುವುದೇ ಇಲ್ಲ, ಕೆಲವರಿಗೆ ಕೂದಲೇ ಬೇಕು. ಕೆಳಗೆ ನಾನು ಏನೇ ಬರೆದಿದ್ದರೂ ಆ ಲ್ಯಾಬಿನವರು ಹೇಳಿದ್ದೇ ಅಂತಿಮ.

ಬಾಲದ ಕೂದಲು

ಬಹುತೇಕ ರೈತರಿಗೆ ನಾನು ಮೊದಲು ಹೇಳುವುದು ಇದನ್ನೇ. ಸೂಜಿ ಬೇಡ, ಐಸ್ ಬೇಡ, ಖರ್ಚು ಅಂದರೆ ಒಂದು ಕಾಗದದ ಲಕೋಟೆ. ಬಿಸಿಲಿಗೂ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಮನೆಯವರೇ ತೆಗೆಯಬಹುದು. ಆದರೆ ಸರಿಯಾಗಿ ತೆಗೆಯಬೇಕು, ಯಾಕೆಂದರೆ ವಾಪಸ್ ಬರುವ ಕೂದಲಿನ ಸ್ಯಾಂಪಲ್‌ಗಳಲ್ಲಿ ಜಾಸ್ತಿ ಪಾಲು ಕತ್ತರಿಯಿಂದ ಕತ್ತರಿಸಿದ್ದು ಅಥವಾ ಒದ್ದೆ ಇದ್ದದ್ದು.

ಪರೀಕ್ಷೆಗೆ ಬೇಕಾದ ಡಿಎನ್‌ಎ ಕೂದಲಿನ ಎಳೆಯಲ್ಲಿ ಇರುವುದಿಲ್ಲ, ಬುಡದಲ್ಲಿ ಇರುತ್ತದೆ. ಕತ್ತರಿಸಿ ಒಂದು ಹಿಡಿ ಕಳಿಸಿದರೂ ಪ್ರಯೋಜನ ಇಲ್ಲ. ತೊಗರಿ ಸಸಿಯನ್ನು ಬೇರು ಸಮೇತ ಕೀಳುತ್ತೀರಲ್ಲ, ಹಾಗೆ ಕೀಳಬೇಕು. ಹಿಂದಿನ ದಿನವೇ ಬಾಲದ ಕುಚ್ಚು ತೊಳೆದು ಒಣಗಲು ಬಿಡಿ. ಮಾರನೇ ದಿನ ಆಕಳನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿ, ಗೋದಲಿಯಲ್ಲಿ ಮೇವು ಹಾಕಿ, ಪಕ್ಕದಲ್ಲಿ ನಿಂತುಕೊಳ್ಳಿ, ನೇರ ಹಿಂದೆ ಬೇಡ. ಕುಚ್ಚಿನಲ್ಲಿ ಸಗಣಿ ಅಂಟದ ಜಾಗ ನೋಡಿ ಎಂಟು-ಹತ್ತು ಎಳೆ ಹಿಡಿದು, ಚರ್ಮಕ್ಕೆ ಹತ್ತಿರದಲ್ಲೇ ಬೆರಳಿಗೆ ಒಂದು ಸುತ್ತು ಸುತ್ತಿ, ಒಂದೇ ಸಲಕ್ಕೆ ಜಗ್ಗಿ. ಮೆಲ್ಲಗೆ ಎಳೆದರೆ ಎಳೆ ನಡುವೆ ತುಂಡಾಗುತ್ತದೆ, ದನಕ್ಕೂ ಜಾಸ್ತಿ ನೋವು.

ಈಗ ಆ ಎಳೆಗಳನ್ನು ಬೆಳಕಿಗೆ ಹಿಡಿದು ಬುಡದ ತುದಿ ನೋಡಿ. ಸಾಸಿವೆಗಿಂತಲೂ ಚಿಕ್ಕದೊಂದು ಬಿಳಿ ಗಂಟು ಕಾಣಬೇಕು, ಮುಟ್ಟಿದರೆ ಸ್ವಲ್ಪ ಅಂಟು. ಅದೇ ನಿಮ್ಮ ಸ್ಯಾಂಪಲ್. ಗಂಟು ಇಲ್ಲದ ಎಳೆಗಳನ್ನು ಲೆಕ್ಕಕ್ಕೆ ತಗೋಬೇಡಿ. ಇಂಥ ಗಂಟಿರುವ 30ರಿಂದ 50 ಎಳೆ ಇದ್ದರೆ ಸಾಮಾನ್ಯವಾಗಿ ಒಂದು ಡಿಎನ್‌ಎ ಪರೀಕ್ಷೆಗೆ ಸಾಕಾಗುತ್ತದೆ. ಬುಡಗಳೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿ, ಎಳೆಯ ನಡುವೆ ಟೇಪ್ ಹಾಕಿ ಕಾಗದಕ್ಕೆ ಅಂಟಿಸಿ, ಬುಡದ ಮೇಲೆ ಟೇಪ್ ಬರಬಾರದು. ಬುಡದ ಎದುರು ಕಡೆ ಉದ್ದ ಉಳಿದ ಕೂದಲನ್ನು ಬೇಕಾದರೆ ಕತ್ತರಿಸಿ. ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ಒಳಗೆ ಪಸೆ ಹಿಡಿದು ಬೂಸ್ಟು ಬರುತ್ತದೆ, ಬೂಸ್ಟು ಬಂದರೆ ಡಿಎನ್‌ಎ ತುಂಡು ತುಂಡಾಗುತ್ತದೆ. ಒಂದು ದನ ಮುಗಿದ ಮೇಲೆ ಕೈ ತೊಳೆದೇ ಇನ್ನೊಂದಕ್ಕೆ ಹೋಗಿ. ಬಟ್ಟೆಗೆ ಅಂಟಿದ ಎರಡು ಎಳೆ ಮುಂದಿನ ಲಕೋಟೆಗೆ ಸೇರಿದರೂ ರಿಪೋರ್ಟ್ ಕಲಸುಮೇಲೋಗರ ಆಗುತ್ತದೆ.

ಇದರ ಕೊರತೆಯನ್ನೂ ಹೇಳಬೇಕು. ಹುಟ್ಟಿ ಕೆಲವೇ ದಿನವಾದ ಕರುವಿನ ಕೂದಲು ಬಹಳ ತೆಳು, ಬುಡ ಸರಿಯಾಗಿ ಬರುವುದಿಲ್ಲ. ಎಮ್ಮೆಯ ಬಾಲದಲ್ಲಿ ಕೂದಲೇ ಕಮ್ಮಿ, ಹುಡುಕಿ ದಪ್ಪನೆಯವನ್ನೇ ಕೀಳಬೇಕು. ಸಿಗುವ ಡಿಎನ್‌ಎ ರಕ್ತದಷ್ಟು ಇರುವುದಿಲ್ಲ, ಹಾಗಾಗಿ ಅದೇ ಸ್ಯಾಂಪಲ್‌ನಿಂದ ಇವತ್ತು ಎ2, ಮುಂದಿನ ವರ್ಷ ಇನ್ನೊಂದು ಪರೀಕ್ಷೆ ಅಂದರೆ ಸಾಲದೇ ಹೋಗಬಹುದು.

ರಕ್ತ

ಡಿಎನ್‌ಎ ಪ್ರಮಾಣದಲ್ಲಿ ರಕ್ತದ ಮುಂದೆ ಯಾವುದೂ ಇಲ್ಲ. ಐದು ಎಂಎಲ್ ತೆಗೆದರೆ ಚಿಪ್ಪಿಗೂ ಆಯಿತು, ತಂದೆ-ತಾಯಿ ಪತ್ತೆಗೂ ಆಯಿತು, ಆನುವಂಶಿಕ ಕಾಯಿಲೆ ಪರೀಕ್ಷೆಗೂ ಆಯಿತು. ಉಳಿದ ಡಿಎನ್‌ಎಯನ್ನು ಲ್ಯಾಬಿನವರು ಡೀಪ್ ಫ್ರೀಜರಿನಲ್ಲಿ ವರ್ಷಗಟ್ಟಲೆ ಇಡಬಹುದು. ಬೆಲೆಬಾಳುವ ಹೋರಿಯಾದರೆ, ಮುಂದೆ ಏನೇನು ಪರೀಕ್ಷೆ ಬೇಕಾಗುತ್ತದೋ ಗೊತ್ತಿಲ್ಲ ಅನ್ನುವ ಸಂದರ್ಭವಾದರೆ, ಕಷ್ಟವಾದರೂ ರಕ್ತವನ್ನೇ ಆರಿಸಿ.

ಆದರೆ ಮುಚ್ಚಳದ ಬಣ್ಣ ನೋಡಿಕೊಳ್ಳಿ. ಡಿಎನ್‌ಎ ಪರೀಕ್ಷೆಗೆ ಬೇಕಾದದ್ದು ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್. ಕೆಂಪು ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹಸಿರು ಮುಚ್ಚಳದ್ದರಲ್ಲಿ ಹೆಪಾರಿನ್ ಇರುತ್ತದೆ, ಅದು ಡಿಎನ್‌ಎಯನ್ನು ನಕಲು ಮಾಡುವ ಪಿಸಿಆರ್ ಕ್ರಿಯೆಗೆ ಅಡ್ಡ ಬರುತ್ತದೆ. ರಕ್ತ ತುಂಬಿದ ತಕ್ಷಣ ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು. ಔಷಧಿ ಬಾಟಲಿ ಕುಲುಕಿದಂತೆ ಜೋರಾಗಿ ಕುಲುಕಬೇಡಿ, ತಿರುಗಿಸದೆ ಜೇಬಿಗೂ ಹಾಕಬೇಡಿ. ತಿರುಗಿಸದಿದ್ದರೆ ತಳದಲ್ಲಿ ಹೆಪ್ಪು ಕೂರುತ್ತದೆ, ಡಿಎನ್‌ಎ ಇರುವ ಬಿಳಿ ರಕ್ತಕಣಗಳು ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಆಕಳ ಕೆಂಪು ರಕ್ತಕಣದಲ್ಲಿ ಡಿಎನ್‌ಎ ಇರುವುದಿಲ್ಲ, ಕೆಲಸಕ್ಕೆ ಬರುವುದು ಆ ಬಿಳಿ ಕಣಗಳೇ.

ಸೂಜಿ ಹಾಕುವುದು ದನದ ಡಾಕ್ಟರ ಕೆಲಸ. ಕುತ್ತಿಗೆಯ ನಾಳದಿಂದಲೋ ಬಾಲದ ಅಡಿಯ ನಾಳದಿಂದಲೋ ತೆಗೆಯುತ್ತಾರೆ. ಒಂದೊಂದು ದನಕ್ಕೂ ಹೊಸ ಸೂಜಿ ಬೇಕು, ಇದರಲ್ಲಿ ರಾಜಿ ಬೇಡ. ಅನಾಪ್ಲಾಸ್ಮಾದಂಥ ರಕ್ತದ ಕಾಯಿಲೆಗಳು ಒಂದೇ ಸೂಜಿಯಿಂದ ಇಡೀ ಕೊಟ್ಟಿಗೆಗೆ ಹಬ್ಬಬಹುದು. 2022ರಲ್ಲಿ ಚರ್ಮಗಂಟು ರೋಗ ನಮ್ಮ ಕಡೆ ದನಗಳಿಗೆ ಏನು ಮಾಡಿತು ಅಂತ ನೋಡಿದ್ದೀರಿ, ಹಾಗಾಗಿ ಬಳಸಿದ ಸೂಜಿ ಮತ್ತೆ ನಿಮ್ಮ ಕೊಟ್ಟಿಗೆಯೊಳಗೆ ಬರಲು ಬಿಡಬೇಡಿ. ಕೈಗವಸೂ ಬೇಕು, ಕಂದು ರೋಗ (ಬ್ರುಸೆಲ್ಲೋಸಿಸ್) ಮನುಷ್ಯರಿಗೂ ಅಂಟುತ್ತದೆ.

ಆಮೇಲೆ ತಂಪಿನ ಪ್ರಶ್ನೆ. ತೆಗೆದ ರಕ್ತವನ್ನು ಫ್ರಿಜ್ಜಿನಲ್ಲಿ ಇಡಬೇಕು, ಫ್ರೀಜರಿನಲ್ಲಿ ಅಲ್ಲ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಹಾಕಿ, ಟ್ಯೂಬನ್ನು ಕಾಗದದಲ್ಲಿ ಸುತ್ತಿ, ಐಸಿಗೆ ನೇರ ತಾಗದಂತೆ ಇಟ್ಟು ಕಳಿಸಬೇಕು. ಮೇ ತಿಂಗಳಲ್ಲಿ ಸುರಪುರದಿಂದ ಕರ್ನಾಲ್‌ಗೆ ಹೀಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಐಸ್ ಒಂದೇ ದಿನದಲ್ಲಿ ನೀರಾಗುತ್ತದೆ. ಬೀದರ್‌ನಿಂದ ಅದೇ ದಿನ ಮುಟ್ಟುವ ಕಡೆಗಾದರೆ ಧೈರ್ಯವಾಗಿ ಕಳಿಸಿ.

ರಕ್ತದ ಕಾರ್ಡ್

ದೂರದ ಹಳ್ಳಿಯವರಿಗೆ ಇದು ನಡುವಿನ ದಾರಿ, ನನಗೆ ಬಹಳ ಇಷ್ಟವಾದದ್ದೂ ಹೌದು. ಎಫ್‌ಟಿಎ ಕಾರ್ಡ್ ಅಂತ, ರಾಸಾಯನಿಕ ಲೇಪಿಸಿದ ದಪ್ಪ ಕಾಗದ ಬರುತ್ತದೆ. ಅದರ ಮೇಲಿನ ವೃತ್ತದಲ್ಲಿ ಕೆಲವು ಹನಿ ರಕ್ತ ಬಿಟ್ಟು ಒಣಗಿಸಿದರೆ ಆಯಿತು. ಕಾಗದದಲ್ಲಿರುವ ರಾಸಾಯನಿಕ ಜೀವಕೋಶವನ್ನು ಒಡೆದು ಡಿಎನ್‌ಎಯನ್ನು ಹಿಡಿದಿಟ್ಟುಕೊಳ್ಳುತ್ತದೆ, ರೋಗಾಣುಗಳನ್ನೂ ಕೊಲ್ಲುತ್ತದೆ. ಐಸ್ ಬೇಡ. ಮಾಮೂಲಿ ಲಕೋಟೆಯಲ್ಲಿ ಪೋಸ್ಟ್ ಮಾಡಬಹುದು, ಪಸೆ ಇಲ್ಲದ ಜಾಗದಲ್ಲಿ ವರ್ಷಗಟ್ಟಲೆ ಇಡಬಹುದು.

ಒಣಗಿಸುವುದರಲ್ಲಿ ಮಾತ್ರ ಅವಸರ ಬೇಡ. ನೆರಳಲ್ಲಿ ಮೂರು-ನಾಲ್ಕು ಗಂಟೆ ಬಿಡಿ. ಮಳೆಗಾಲದಲ್ಲಿ ರಾತ್ರಿಯಿಡೀ ಬಿಡಿ. ಬಿಸಿಲಿಗೆ ಇಡಬೇಡಿ, ನೊಣ ಕೂರಲು ಬಿಡಬೇಡಿ. ಒಣಗಿದ ಮೇಲೆ ಲಕೋಟೆಯೊಳಗೆ ಪಸೆ ಹೀರುವ ಸಿಲಿಕಾ ಪುಡಿಕೆ ಒಂದು ಹಾಕಿ. ಕಾರ್ಡ್ ನಮ್ಮೂರಿನ ಔಷಧಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ತರಿಸಬೇಕು, ಬೆಲೆಯೂ ಟ್ಯೂಬಿಗಿಂತ ಎಷ್ಟೋ ಜಾಸ್ತಿ. ಸಿಗುವ ಡಿಎನ್‌ಎ ಟ್ಯೂಬಿನ ರಕ್ತಕ್ಕಿಂತ ಕಮ್ಮಿ, ಎ2 ಮತ್ತು ತಂದೆ-ತಾಯಿ ಪತ್ತೆಗೆ ಧಾರಾಳ ಸಾಕು, ಚಿಪ್ಪಿಗೆ ನಡೆಯುತ್ತದಾ ಅಂತ ಕೇಳಿಯೇ ಕಳಿಸಿ. ಸೂಜಿ ಚುಚ್ಚಲು ಡಾಕ್ಟರು ಇದಕ್ಕೂ ಬೇಕು ಅನ್ನುವುದು ಮರೆಯಬೇಡಿ.

ಕಿವಿಯ ಚೂರು

ಕಿವಿಯೋಲೆ ಹಾಕುವಂಥದ್ದೇ ಒಂದು ಗನ್. ಒತ್ತಿದರೆ ಕಿವಿಯಿಂದ ಎರಡು-ಮೂರು ಮಿಲಿಮೀಟರಿನ ಚೂರು ಕತ್ತರಿಸಿ, ನೇರವಾಗಿ ದ್ರಾವಣ ತುಂಬಿದ ಪುಟ್ಟ ಟ್ಯೂಬಿಗೆ ಬೀಳುತ್ತದೆ. ಟ್ಯೂಬಿನ ಮೇಲೆ ನಂಬರ್ ಮೊದಲೇ ಅಚ್ಚಾಗಿರುತ್ತದೆ. ಕೈ ಮುಟ್ಟುವುದಿಲ್ಲ, ಬೆರಕೆ ಆಗುವ ಭಯ ಬಹಳ ಕಮ್ಮಿ, ಐಸ್ ಬೇಡ, ಡಿಎನ್‌ಎಯೂ ಚೆನ್ನಾಗಿ ಬರುತ್ತದೆ. ನಿನ್ನೆ ಹುಟ್ಟಿದ ಕರುವಿಗೂ ನಡೆಯುತ್ತದೆ. ನೂರಾರು ದನದ ಫಾರಂಗೆ ಇದಕ್ಕಿಂತ ಒಳ್ಳೆಯದು ಕಾಣೆ.

ನಾಲ್ಕು ದನ ಇರುವವರಿಗೆ ಮಾತ್ರ ಇದು ಹೊಂದುವುದಿಲ್ಲ. ಗನ್ನೂ ದುಬಾರಿ, ಪ್ರತಿ ಸಲ ಬಳಸಿ ಬಿಸಾಡುವ ಟ್ಯೂಬೂ ದುಬಾರಿ. ಮಳೆಗಾಲದಲ್ಲಿ ಕಿವಿಯ ಗಾಯಕ್ಕೆ ನೊಣ ಕೂತು ಹುಳ ಬೀಳುವ ಭಯ ಬೇರೆ, ತೂತಿನ ಸುತ್ತ ನೊಣ ಓಡಿಸುವ ಸ್ಪ್ರೇ ಹೊಡೆದು ನಾಲ್ಕು ದಿನ ಕಣ್ಣಿಟ್ಟಿರಬೇಕು. ಜಾತ್ರೆಗೆ, ಪ್ರದರ್ಶನಕ್ಕೆ ಹೋರಿ ಕಟ್ಟುವವರು ಕಿವಿಯಲ್ಲಿ ಇನ್ನೊಂದು ತೂತು ಒಪ್ಪುವುದೂ ಇಲ್ಲ, ಅವರ ಮಾತಿನಲ್ಲಿ ತಪ್ಪೂ ಇಲ್ಲ. ಗನ್ ಇಲ್ಲ ಅಂತ ಬ್ಲೇಡಿನಿಂದ ಕಿವಿ ಕೊಯ್ಯುವ ಕೆಲಸಕ್ಕೆ ಯಾರೂ ಕೈ ಹಾಕಬೇಡಿ.

ಉಳಿದವು

ಮೂಗಿನ ಹೊಳ್ಳೆಯೊಳಗೆ ಹತ್ತಿಕಡ್ಡಿ ಆಡಿಸಿ ತೆಗೆಯುವ ಸ್ಯಾಂಪಲ್ ಎಳೆ ಕರುವಿಗೆ ಒಳ್ಳೆಯದು. ಆದರೆ ಕರು ಆಗಷ್ಟೇ ಹಾಲು ಕುಡಿದಿದ್ದರೆ ಮೂತಿಯಲ್ಲಿ ತಾಯಿಯ ಹಾಲು, ಹಾಲಿನಲ್ಲಿ ತಾಯಿಯ ಜೀವಕೋಶ. ತಾಯಿ ಮೂತಿ ನೆಕ್ಕಿದ್ದರೂ ಅದೇ ತೊಂದರೆ. ಸ್ವಲ್ಪ ಹೊತ್ತು ಬೇರೆ ಕಟ್ಟಿ, ಮೂತಿ ಒರೆಸಿ, ಆಮೇಲೆ ತೆಗೆಯಿರಿ.

ಹಾಲಿನಿಂದಲೂ ಡಿಎನ್‌ಎ ತೆಗೆಯಬಹುದು, ನಾನು ಶಿಫಾರಸು ಮಾಡುವುದಿಲ್ಲ. ಹೋರಿಗೂ ಕರುವಿಗೂ ಆಗದು, ಒಂದು ಪಾತ್ರೆಯಲ್ಲಿ ಎರಡು ಆಕಳ ಹಾಲು ಬೆರೆತರೆ ಮುಗಿಯಿತು.

ಹೋರಿಯದಾದರೆ ಸೆಮೆನ್ ಸ್ಟ್ರಾ (ವೀರ್ಯ ತುಂಬಿಟ್ಟ ಪುಟ್ಟ ಕೊಳವೆ) ಒಂದು ಒಳ್ಳೆ ದಾರಿ. ಹೋರಿ ನಿಮ್ಮ ಹತ್ತಿರ ಇಲ್ಲ, ಸತ್ತೂ ಹೋಗಿರಬಹುದು, ಆದರೆ ಅದರ ಸ್ಟ್ರಾ ಇನ್ನೂ ದ್ರವ ಸಾರಜನಕದ ಕ್ಯಾನಿನಲ್ಲಿ ಇದೆ. ಲ್ಯಾಬಿಗೆ ಇದು ಸೆಮೆನ್ ಅಂತ ಬರೆದು ತಿಳಿಸಿ. ವೀರ್ಯಾಣುವಿನ ತಲೆಯಲ್ಲಿ ಡಿಎನ್‌ಎ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ, ಬಿಡಿಸಲು ಬೇರೆ ರಾಸಾಯನಿಕ ಬೇಕಾಗುತ್ತದೆ. ಇನ್ನೊಂದು ವಿಷಯ ಎಲ್ಲರೂ ರೂಢಿ ಮಾಡಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ಕೃತಕ ಗರ್ಭಧಾರಣೆ ಮಾಡಿಸಿದ ದಿನ ಖಾಲಿ ಸ್ಟ್ರಾ ಬಿಸಾಡಲು ಬಿಡಬೇಡಿ. ಅದರ ಮೇಲೆ ಹೋರಿಯ ನಂಬರ್ ಇರುತ್ತದೆ. ವಹಿಯಲ್ಲಿ ತಾರೀಕು ಬರೆದು ಅಂಟಿಸಿಡಿ. ಮುಂದೆ ಕರುವಿನ ತಂದೆಯ ಪ್ರಶ್ನೆ ಬಂದಾಗ ಹುಡುಕಾಟ ಅಲ್ಲಿಂದಲೇ ಶುರು.

ಅವಳಿ ಕರುಗಳ ವಿಷಯ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಆಕಳ ಹೊಟ್ಟೆಯಲ್ಲಿ ಅವಳಿ ಇದ್ದಾಗ ಎರಡೂ ಮಾಸುಗಳ ರಕ್ತನಾಳಗಳು ಸಾಮಾನ್ಯವಾಗಿ ಕೂಡಿಕೊಳ್ಳುತ್ತವೆ. ರಕ್ತ ಹುಟ್ಟಿಸುವ ಜೀವಕೋಶಗಳು ಒಂದರಿಂದ ಇನ್ನೊಂದಕ್ಕೆ ಹೋಗಿ ನೆಲೆಯೂರುತ್ತವೆ. ಹಾಗಾಗಿ ಅವಳಿ ಕರುವಿನ ರಕ್ತದಲ್ಲಿ ತನ್ನ ಡಿಎನ್‌ಎ ಜೊತೆ ಒಡಹುಟ್ಟಿದ್ದರ ಡಿಎನ್‌ಎಯೂ ಇರುತ್ತದೆ, ಬದುಕಿರುವ ತನಕ ಇರುತ್ತದೆ. ತಂದೆ-ತಾಯಿ ಪತ್ತೆಗೋ ಎ2ಗೋ ಇಂಥ ಕರುವಿನ ರಕ್ತ ಕಳಿಸಿದರೆ ಎರಡು ಪ್ರಾಣಿಯ ಉತ್ತರ ಕಲೆತು ಬರುತ್ತದೆ. ಇಲ್ಲಿ ಕೂದಲ ಬುಡವೇ ಸರಿ.

ಆದರೆ ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರು ಮುಂದೆ ಗಬ್ಬ ಆಗುತ್ತದಾ ಅಂತ ತಿಳಿಯಬೇಕಿದ್ದರೆ ಲೆಕ್ಕ ತಿರುಗಾಮುರುಗಾ. ಇಂಥ ಹೆಣ್ಣುಗರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಂಜೆಯಾಗುತ್ತವೆ. ಅದರ ರಕ್ತದಲ್ಲಿ ಗಂಡಿನ ವೈ ವರ್ಣತಂತು ಇದೆಯಾ ಅಂತ ನೋಡಿ ಹೇಳುತ್ತಾರೆ, ಹಾಗಾಗಿ ರಕ್ತವೇ ಬೇಕು, ಕೂದಲು ಕಳಿಸಿದರೆ ತಪ್ಪು ಧೈರ್ಯ ಸಿಗುತ್ತದೆ. ಎರಡು-ಮೂರು ವರ್ಷ ಮೇವು ಹಾಕಿ ಕಾದು ಕೊನೆಗೆ ನಿರಾಶರಾಗುವುದಕ್ಕಿಂತ ಕರುವಿದ್ದಾಗಲೇ ಈ ಪರೀಕ್ಷೆ ಮಾಡಿಸುವುದು ಎಷ್ಟೋ ಮೇಲು. ಯಾವ ಪರೀಕ್ಷೆಗೇ ಕಳಿಸಿದರೂ ಫಾರಂನಲ್ಲಿ ಅವಳಿ ಅಂತ ಬರೆಯಿರಿ.

ವರ್ಣತಂತು ಪರೀಕ್ಷೆ ಬಗ್ಗೆ ಒಂದು ಮಾತು. ಆಕಳಿಗೆ 60 ವರ್ಣತಂತು, ನಮ್ಮ ಮುರ್ರಾದಂಥ ಎಮ್ಮೆಗೆ 50. ತಳಿ ಹೋರಿಯಲ್ಲಿ ಇವು ಸರಿ ಇವೆಯಾ ಅಂತ ನೋಡಲು ಬಿಳಿ ರಕ್ತಕಣವನ್ನು ಲ್ಯಾಬಿನಲ್ಲಿ ಬೆಳೆಸುತ್ತಾರೆ. ಅದಕ್ಕೆ ಹೆಪಾರಿನ್ ಹಾಕಿದ ಹಸಿರು ಮುಚ್ಚಳದ ಟ್ಯೂಬೇ ಬೇಕು, ಒಂದೆರಡು ದಿನದೊಳಗೆ ಮುಟ್ಟಬೇಕು. ಕೂದಲು, ಕಾರ್ಡ್, ಕಿವಿ ಚೂರು ಯಾವುದೂ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ನಿಮಗೆ ಯಾವುದು?

ಕಲಬುರಗಿಯ ಡೇರಿಯವರದ್ದು ಸುಲಭ: ಕೂದಲು. ಆದರೆ ಇಪ್ಪತ್ತಕ್ಕೂ ಮಾಡಿಸಬೇಕಾ ಅಂತ ಮೊದಲು ಯೋಚನೆ ಮಾಡಿ. ನಮ್ಮ ಜವಾರಿ ತಳಿಗಳಲ್ಲಿ ಬಹುಪಾಲು ಎ2ವೇ, ಎಮ್ಮೆಯೂ ಹಾಗೇ. ಎ1 ಬರುವುದು ಹೆಚ್ಚಾಗಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ಅನ್ನುವ ವಿದೇಶಿ ತಳಿ) ಮಿಶ್ರ ತಳಿಯಲ್ಲಿ. ದುಡ್ಡು ಕಮ್ಮಿ ಇದ್ದರೆ ಮಿಶ್ರ ತಳಿಯ ಆಕಳುಗಳನ್ನು ಮೊದಲು ಮಾಡಿಸಿ. ಮನೆಯಲ್ಲಿ ಹೋರಿ ಇದ್ದರೆ ಅದರದ್ದು ಎಲ್ಲಕ್ಕಿಂತ ಮೊದಲು, ಯಾಕೆಂದರೆ ಅದರ ಜೀನು ಎಲ್ಲಾ ಕರುಗಳಿಗೂ ಹೋಗುತ್ತದೆ. ತಂದೆ, ತಾಯಿ ಎರಡೂ ಕಡೆಯಿಂದ ಎ2 ಬಂದಿರುವ ಹೋರಿಯನ್ನು ಎ1-ಎ2 ಬೆರಕೆ ಆಕಳಿಗೆ ಬಿಟ್ಟರೆ ಸರಾಸರಿ ಅರ್ಧ ಕರುಗಳು ಪೂರಾ ಎ2 ಆಗುತ್ತವೆ. ಮಾರಾಟದ ಬಗ್ಗೆ ಮಾತ್ರ ಹುಷಾರಾಗಿರಿ. 2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪೊಟ್ಟಣದ ಮೇಲಿನ ಎ1-ಎ2 ಹೇಳಿಕೆ ತೆಗೆಯಿರಿ ಅಂತ ಹೇಳಿ, ಕೆಲವೇ ದಿನದಲ್ಲಿ ಆ ಸೂಚನೆಯನ್ನು ವಾಪಸ್ ತಗೊಂಡಿತು. ನಿಯಮ ಬದಲಾಗಬಹುದು, ಬರೀ ಆ ಎರಡಕ್ಷರ ನಂಬಿ ಸಾಲ ಮಾಡಬೇಡಿ.

ಸುರಪುರದವರ ಕರುವಿನ ವಿಷಯಕ್ಕೆ ಬರೀ ಕರುವಿನ ಸ್ಯಾಂಪಲ್ ಸಾಲದು. ತಾಯಿಯದ್ದೂ ಬೇಕು, ಅನುಮಾನ ಇರುವ ಹೋರಿಗಳದ್ದೂ ಬೇಕು. ಸೆಮೆನ್ ಕೊಟ್ಟ ಹೋರಿಯದಕ್ಕೆ ಸ್ಟ್ರಾ. ಕರುವಿಗೆ ಕೆಲವು ತಿಂಗಳಾಗಿದ್ದರೆ ಕರು, ತಾಯಿ, ಊರ ಹೋರಿ ಮೂರಕ್ಕೂ ಕೂದಲು, ಎಳೆಯದಾದರೆ ಸ್ವಲ್ಪ ದಿನ ಕಾಯಿರಿ, ಡಿಎನ್‌ಎ ಎಲ್ಲಿಗೂ ಓಡಿಹೋಗುವುದಿಲ್ಲ. ಕಾಯಲು ಆಗದಿದ್ದರೆ ರಕ್ತದ ಕಾರ್ಡ್. ಜಗಳ ಪಂಚಾಯಿತಿಗೋ ಪೊಲೀಸಿಗೋ ಹೋಗಿದ್ದರೆ ಮನೆಯಲ್ಲಿ ನೀವೇ ತೆಗೆದ ಸ್ಯಾಂಪಲ್ ಮೇಲೆ ಎದುರಿನವರು ಪ್ರಶ್ನೆ ಎತ್ತುತ್ತಾರೆ. ಸರ್ಕಾರಿ ಡಾಕ್ಟರ ಕೈಯಿಂದ, ಎರಡೂ ಕಡೆಯವರ ಎದುರಿಗೆ, ಸೀಲ್ ಹಾಕಿಸಿ ತೆಗೆಸಿ.

ಭಾಲ್ಕಿಯ ದೇವಣಿ ಹೋರಿಗೆ ನಾನು ರಕ್ತವನ್ನೇ ಹೇಳುತ್ತೇನೆ, ಹಾಯುವ ಹೋರಿಯಾದರೂ. ಪಶು ಆಸ್ಪತ್ರೆಯ ಟ್ರೆವಿಸ್‌ಗೆ (ದನ ಅಲುಗಾಡದಂತೆ ನಿಲ್ಲಿಸುವ ಚೌಕಟ್ಟು) ಹಾಕಿ, ಮೂಗುದಾರ ಬಿಗಿ ಹಿಡಿದು ತೆಗೆಸಿದರೆ ಐದು ನಿಮಿಷದ ಕೆಲಸ. ತಳಿಗೆ ಬಿಡುವ ಹೋರಿಯ ಮೇಲೆ ಮುಂದೆ ಇನ್ನೂ ಪರೀಕ್ಷೆ ಬರುತ್ತವೆ, ಒಂದೇ ಸಲಕ್ಕೆ ತೆಗೆದದ್ದು ಎಲ್ಲಕ್ಕೂ ಆಗುತ್ತದೆ. ಅದೇ ಹೊತ್ತಿಗೆ ವರ್ಣತಂತು ಪರೀಕ್ಷೆಗೆ ಹಸಿರು ಟ್ಯೂಬಿಗೂ ತೆಗೆಸಬಹುದಾ ಅಂತ ಲ್ಯಾಬಿಗೆ ಕೇಳಿಟ್ಟುಕೊಳ್ಳಿ. ಎಚ್‌ಎಫ್ ರಕ್ತ ಬೆರೆತ ಹೋರಿಯಾದರೆ ಬ್ಲಾಡ್ (ಬಿಎಲ್‌ಎಡಿ) ಅನ್ನುವ, ಬಿಳಿ ರಕ್ತಕಣಗಳ ಆನುವಂಶಿಕ ಕಾಯಿಲೆಯ ಪರೀಕ್ಷೆ ತಪ್ಪಿಸಬೇಡಿ. ವಾಹಕ ಹೋರಿ, ಅಂದರೆ ಆ ಕಾಯಿಲೆಯ ಜೀನು ಒಂದೇ ಕಡೆಯಿಂದ ಬಂದಿರುವ ಹೋರಿ, ನೋಡಲು ಗಟ್ಟಿಮುಟ್ಟಾಗೇ ಇರುತ್ತದೆ, ವಾಹಕ ಆಕಳಿಗೆ ಕೂಡಿದಾಗ ನಾಲ್ಕರಲ್ಲಿ ಒಂದು ಕರು ಕಾಯಿಲೆ ಹೊತ್ತು ಹುಟ್ಟಬಹುದು.

ದೇವಣಿ ಸಾಕುವವರಿಗೆ ಇನ್ನೊಂದು ಮಾತು. ಮೈಮೇಲೆ ಕಪ್ಪು ಮಚ್ಚೆ ಕಂಡ ಕೂಡಲೇ ಬೆರಕೆ ಅಂತ ಕರುವನ್ನು ಸಂತೆಗೆ ಹೊಡೆಯಬೇಡಿ. ಪೂರಾ ಬಿಳಿಯ ಬಾಲಂಕ್ಯಾ, ಮುಖ ಕಪ್ಪಗಿರುವ ವಾನೇರಾ, ಬಿಳಿ ಮೈಮೇಲೆ ಕಪ್ಪು ಮಚ್ಚೆಯ ಶೇವೆರಾ, ಮೂರೂ ದೇವಣಿಯೇ. ಬಣ್ಣ ನೋಡಿ ತೀರ್ಮಾನಿಸುವ ಮುಂಚೆ ಹಳ್ಳಿಖೇಡದ ದೇವಣಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. 2024ರ ಅಕ್ಟೋಬರ್‌ನಲ್ಲಿ ದೇಸಿ ದನಗಳ ಡಿಎನ್‌ಎ ಓದಲು ಗೌ ಚಿಪ್, ಎಮ್ಮೆಗಳದ್ದಕ್ಕೆ ಮಹಿಷ್ ಚಿಪ್ ಬಂದಿವೆ. ಈ ಚಿಪ್ ಯೋಜನೆಯ ಕಡೆಯವರು ಸ್ಯಾಂಪಲ್ ಕೇಳಿಕೊಂಡು ನಿಮ್ಮ ಕೊಟ್ಟಿಗೆಗೇ ಬಂದರೆ ಬೇಡ ಅನ್ನಬೇಡಿ. ನಮ್ಮ ಜವಾರಿ ದನಗಳ ಮಾಹಿತಿ ಹೆಚ್ಚು ಸೇರಿದಷ್ಟೂ ಅವುಗಳ ಬಗ್ಗೆ ಹೇಳುವ ಅಂದಾಜು ಗಟ್ಟಿಯಾಗುತ್ತದೆ.

ಕಳಿಸುವಾಗ

ಯಾವುದನ್ನೇ ಆರಿಸಿ, ಹೆಸರು ಬರೆಯುವ ಕೆಲಸವನ್ನು ದನ ಕಣ್ಣ ಮುಂದೆ ಇರುವಾಗಲೇ ಮುಗಿಸಿ. ಗೌರಿ, ಲಕ್ಷ್ಮಿ ಅಂತ ಬರೆದರೆ ಲ್ಯಾಬಿನವರಿಗೆ ಗೊತ್ತಾಗುವುದಿಲ್ಲ, ಕಿವಿಯೋಲೆಯ 12 ಅಂಕಿ ಬರೆಯಿರಿ. ಒಬ್ಬರು ಓದಿ ಹೇಳಿ, ಇನ್ನೊಬ್ಬರು ಬರೆದು, ತಿರುಗಿ ಓದಿ ತಾಳೆ ನೋಡಲಿ. ಬಾಲ್ ಪೆನ್ನಿನಿಂದ ಬರೆಯಿರಿ, ಇಂಕ್ ಪೆನ್ನಿನದು ನೀರು ತಾಗಿದರೆ ಅಳಿಸುತ್ತದೆ. ಕಿವಿಯೋಲೆಯ ಒಂದು ಫೋಟೋ ಮೊಬೈಲಿನಲ್ಲಿ ಇರಲಿ.

ಕೂದಲಾದರೆ ಎರಡು ಲಕೋಟೆ ಮಾಡಿ, ಒಂದು ಕಳಿಸಿ, ಇನ್ನೊಂದನ್ನು ಒಣ ಜಾಗದಲ್ಲಿ ಇಟ್ಟುಕೊಳ್ಳಿ. ಶುಕ್ರವಾರ, ಶನಿವಾರ ಕಳಿಸಬೇಡಿ, ಭಾನುವಾರ ಎಲ್ಲೋ ಗೋದಾಮಿನಲ್ಲಿ ಬಿದ್ದಿರುತ್ತದೆ. ರಕ್ತಕ್ಕಂತೂ ಸೋಮವಾರ ಅಥವಾ ಮಂಗಳವಾರವೇ ಸರಿ. ಮುಟ್ಟಿದ ದಿನ ಲ್ಯಾಬಿಗೆ ಫೋನ್ ಹಚ್ಚಿ ಸ್ಯಾಂಪಲ್ ನೋಡಿದಿರಾ, ಸಾಕಾಗುತ್ತದಾ ಅಂತ ಕೇಳಿ. ಸಾಲದು ಅಂದರೆ ಅವತ್ತೇ ಎರಡನೇ ಲಕೋಟೆ ಪೋಸ್ಟಿಗೆ ಹಾಕಬಹುದು.